ಎರಡು ವರ್ಷ ಹುಡುಕಿದ್ದು ಕಂಕುಳಲ್ಲೇ ಇತ್ತು

ಹೋದ ತಿಂಗಳು ಕೊನೆಗೂ ಫ್ರೀಜರ್ ಖಾಲಿ ಮಾಡಿದೆ. ರಿಟೈರ್ ಆಗಿ ಆಗ್ಲೇ ಸುಮಾರು ದಿನ ಆಗಿತ್ತು, ಆದ್ರೆ ಮೈನಸ್ 80 ಫ್ರೀಜರ್‌ನ ಕೆಳಗಿನ ಎರಡು ರ‍್ಯಾಕ್ ಮಾತ್ರ ನನ್ನ ಹೆಸರಲ್ಲೇ ಉಳ್ಕೊಂಡಿತ್ತು, ಹೊಸಬರು ಪಾಪ ಮುಲಾಜಿಗೆ ಏನೂ ಹೇಳ್ತಿರ್ಲಿಲ್ಲ, ನಾನೂ ಇವತ್ತು ನಾಳೆ ಅಂತ ತಳ್ಕೊಂಡು ಬಂದೆ. ಹಿಮ ಕೆರೆದು ಒಂದೊಂದೇ ಡಬ್ಬಿ ಈಚೆ ತೆಗೀತಾ ಇರ್ಬೇಕಾದ್ರೆ ಒಂದು ಟ್ಯೂಬ್ ಸಿಕ್ತು. ಲೇಬಲ್ ಮೇಲೆ ನನ್ನದೇ ಅಕ್ಷರ, ಅರ್ಧ ಅಳಿಸಿ ಹೋಗಿದೆ: ಎಕ್ಸ್-17, ಯಾರೂ ಮುಟ್ಬೇಡಿ.

ಈ ಎಕ್ಸ್ ಕಥೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಆದ್ರೆ ಅದು ಅರ್ಥ ಆಗ್ಬೇಕಂದ್ರೆ ನಾನು ಮೂವತ್ತು ಚಿಲ್ಲರೆ ವರ್ಷ ಏನ್ ಮಾಡ್ತಿದ್ದೆ ಅಂತ ಮೊದ್ಲು ಹೇಳ್ಬೇಕು.

ಯಾರಾದ್ರೂ ಕೇಳಿದ್ರೆ ರಕ್ತ ಹೆಪ್ಪುಗಟ್ಟೋದರ ಮೇಲೆ ರಿಸರ್ಚ್ ಅಂತಿದ್ದೆ. ತಕ್ಷಣ ಅವರು ತಮ್ಮ ಬ್ಲಡ್ ರಿಪೋರ್ಟ್ ತೆಗೆದು ತೋರಿಸೋರು. ನಾನು ಆ ಥರದ ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ನಿಜ ಹೇಳ್ಬೇಕಂದ್ರೆ ನನ್ನ ಕೆಲಸ ಅದರ ಉಲ್ಟಾ, ರಕ್ತ ಯಾಕೆ ಹೆಪ್ಪುಗಟ್ಟಲ್ಲ ಅನ್ನೋದು. ಯೋಚ್ನೆ ಮಾಡಿ, ಗಾಯ ಆದ್ರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗೋ ದ್ರವ ಒಂದು ನಮ್ಮ ಮೈಯಲ್ಲಿ ಹಗಲೂ ರಾತ್ರಿ ಸುತ್ತುತ್ತಾ ಇದೆ, ಗಟ್ಟಿಯಾಗೋಕೆ ಬೇಕಾದ ಸಾಮಾನೆಲ್ಲ ಅದರೊಳಗೇ ರೆಡಿ ಇದೆ, ಆದ್ರೂ ಎಪ್ಪತ್ತು ಎಂಬತ್ತು ವರ್ಷ ನೀರಾಗೇ ಇರುತ್ತೆ. ನನಗೆ ಹೆಪ್ಪುಗಟ್ಟೋದಕ್ಕಿಂತ ಇದೇ ದೊಡ್ಡ ಆಶ್ಚರ್ಯ. ಅಂದ ಹಾಗೆ ಕನ್ನಡದಲ್ಲಿ ಹಾಲಿಗೂ ಹೆಪ್ಪು, ರಕ್ತಕ್ಕೂ ಹೆಪ್ಪು, ಒಂದೇ ಪದ. ಕೆಮಿಸ್ಟ್ರಿ ಬೇರೆ ಬೇರೆ, ಆದ್ರೆ ಪದ ಮಾಡಿದೋರ ಕಣ್ಣು ಚುರುಕಾಗಿತ್ತು.

ರಕ್ತದಲ್ಲಿ ನಡೆಯೋದು ಕತ್ತರಿಗಳ ಆಟ. ಪ್ರೋಟಿಯೇಸ್ ಅಂದ್ರೆ ಪ್ರೋಟೀನ್ ಕತ್ತರಿಸೋ ಎನ್‌ಜೈಮ್. ಒಂದು ಕತ್ತರಿ ಇನ್ನೊಂದು ಕತ್ತರಿಯ ಮುಚ್ಚಳ ಕತ್ತರಿಸುತ್ತೆ, ಅದು ಎಚ್ಚರ ಆಗಿ ಮುಂದಿಂದನ್ನ ಎಬ್ಬಿಸುತ್ತೆ, ಹೀಗೆ ಹೋಗಿ ಹೋಗಿ ಕೊನೆಗೆ ಥ್ರಾಂಬಿನ್ ಅನ್ನೋ ಕತ್ತರಿ ಫೈಬ್ರಿನೋಜನ್‌ನ ಕತ್ತರಿಸಿ ಫೈಬ್ರಿನ್ ಎಳೆ ಮಾಡುತ್ತೆ, ಅದೇ ಬಲೆ, ಅದೇ ಹೆಪ್ಪು. 1964ರಲ್ಲಿ ಇಂಗ್ಲೆಂಡಲ್ಲಿ ಮ್ಯಾಕ್‌ಫಾರ್ಲೇನ್ ಇದನ್ನ ಕ್ಯಾಸ್ಕೇಡ್ ಅಂತ ಬರೆದ್ರು, ಅದೇ ವರ್ಷ ಅಮೆರಿಕದಲ್ಲಿ ಡೇವಿ ಮತ್ತೆ ರ‍್ಯಾಟ್ನಾಫ್ ವಾಟರ್‌ಫಾಲ್ ಅಂತ ಬರೆದ್ರು, ಇಬ್ಬರ ಕಣ್ಣಿಗೂ ಜಲಪಾತವೇ ಕಂಡಿದ್ದು ನೋಡಿ. ಈ ಆಟದಲ್ಲಿರೋ ವಸ್ತುಗಳಿಗೆ ಫ್ಯಾಕ್ಟರ್ ಅಂತಾರೆ, ಅವಕ್ಕೆ ನಂಬರ್ ಕೊಟ್ಟಿದ್ದು ಕಂಡುಹಿಡಿದ ಕ್ರಮದಲ್ಲಿ, ಕೆಲಸ ಮಾಡೋ ಕ್ರಮದಲ್ಲಲ್ಲ, ಅದಕ್ಕೇ 12 ಆದ್ಮೇಲೆ 11, ಆಮೇಲೆ 9, ಆಮೇಲೆ 10, ಅಲ್ಲಿಂದ 2. ನಂಬರ್ 6 ಅಂತೂ ಇಲ್ಲವೇ ಇಲ್ಲ, ಕೊಟ್ಟಿದ್ರು, ಆಮೇಲೆ ಅದು 5ರದ್ದೇ ಎಚ್ಚರಗೊಂಡ ರೂಪ ಅಂತ ಗೊತ್ತಾಗಿ ಕೈಬಿಟ್ರು. ಪ್ರತಿ ವರ್ಷ ಹೊಸ ಸ್ಟೂಡೆಂಟ್ ಬಂದಾಗ ಈ ನಂಬರ್ ಪುರಾಣ ಹೇಳೋದೇ ಒಂದು ಕೆಲಸ.

ಇಷ್ಟೊಂದು ಕತ್ತರಿ ಇದ್ಮೇಲೆ ಅವನ್ನ ಹಿಡಿಯೋರೂ ಬೇಕಲ್ಲ. ಅವೇ ಪ್ರೋಟಿಯೇಸ್ ಇನ್ಹಿಬಿಟರ್‌ಗಳು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ ಹಾಗೆ, ಆದ್ರೆ ಇಲ್ಲಿ ಎರಡೂ ಎಳೆಯೋದ್ರಿಂದಲೇ ನಾವು ಬದುಕಿರೋದು.

ನಾನು ಪಿಎಚ್‌ಡಿಗೆ ಸೇರಿದ್ದು ಎಂಬತ್ತರ ದಶಕದ ಕೊನೇಲಿ. ಮೊದಲ ಆರು ತಿಂಗಳು ಬರೀ ಟ್ಯೂಬ್ ಓಲಾಡಿಸೋ ಕೆಲಸ. ಸಿಟ್ರೇಟ್ ಹಾಕಿದ ಪ್ಲಾಸ್ಮಾ, ಅಂದ್ರೆ ರಕ್ತಕಣ ತೆಗೆದ ಮೇಲೆ ಉಳಿಯೋ ದ್ರವ ಇರುತ್ತೆ, ಸಿಟ್ರೇಟ್ ಕ್ಯಾಲ್ಸಿಯಂನ ಹಿಡ್ಕೊಂಡಿರೋದ್ರಿಂದ ಹೆಪ್ಪುಗಟ್ಟಲ್ಲ, ಅದನ್ನ 37 ಡಿಗ್ರಿ ನೀರಲ್ಲಿ ಇಟ್ಟು, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಸ್ಟಾಪ್‌ವಾಚ್ ಒತ್ತಿ, ಟ್ಯೂಬ್‌ನ ಮೆಲ್ಲಗೆ ವಾಲಿಸ್ತಾ ವಾಲಿಸ್ತಾ ನೋಡ್ತಾ ಇರ್ಬೇಕು. ಹರೀತಿದೆ, ಹರೀತಿದೆ, ಹರೀತಿದೆ, ಟಕ್ ಅಂತ ನಿಂತ್ಬಿಡುತ್ತೆ. ಆ ನಿಲ್ಲೋ ಕ್ಷಣ ಎಷ್ಟು ಸಾವಿರ ಸಲ ನೋಡಿದ್ರೂ ನನಗೆ ಬೇಜಾರಾಗ್ಲಿಲ್ಲ, ಸುಳ್ಳಲ್ಲ. ಮೆಷಿನ್ ಬಂದ್ಮೇಲೆ ಗ್ರಾಫ್ ಬಂತು, ಕ್ಷಣ ಹೋಯ್ತು.

ಗೈಡ್ ಮೇಡಂ ಕೊಟ್ಟ ಪ್ರಾಬ್ಲಂ ಸಿಂಪಲ್ ಅನ್ಸೋದು. ಪ್ಲಾಸ್ಮಾದಲ್ಲಿ ಥ್ರಾಂಬಿನ್‌ನ ಹಿಡಿಯೋ ಪ್ರೋಟೀನ್‌ಗಳನ್ನ ಬೇರೆ ಬೇರೆ ಮಾಡಿ ಅಳೀಬೇಕು. ಮುಖ್ಯವಾದ್ದು ಆಂಟಿಥ್ರಾಂಬಿನ್, ಅದು ಆಗ್ಲೇ ಗೊತ್ತಿತ್ತು. ಅದನ್ನ ಶುದ್ಧ ಮಾಡೋಕೆ ಒಂದು ಕಾಲಂ, ಅಂದ್ರೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಔಷಧಿ) ಅಂಟಿಸಿರೋ ಸಣ್ಣ ಗೋಲಿಗಳನ್ನ ತುಂಬಿಸಿದ ಕೊಳವೆ, ಪ್ಲಾಸ್ಮಾ ಮೇಲಿಂದ ಹಾಕಿದ್ರೆ ಆಂಟಿಥ್ರಾಂಬಿನ್ ಹೆಪಾರಿನ್‌ಗೆ ಗಟ್ಟಿಯಾಗಿ ಅಂಟ್ಕೊಳುತ್ತೆ, ಉಪ್ಪಿನಂಶ ಜಾಸ್ತಿ ಮಾಡ್ತಾ ಹೋದ್ರೆ ಮಿಕ್ಕಿದ್ದೆಲ್ಲ ಮೊದಲು ಇಳಿದು ಹೋಗಿ ಇದು ಕೊನೇಲಿ ಇಳಿಯುತ್ತೆ. ಒಂದು ದಿನ ಮೊದಮೊದಲು ಇಳಿದ ಫ್ರ್ಯಾಕ್ಷನ್‌ಗಳನ್ನ, ಅಂದ್ರೆ ಆಂಟಿಥ್ರಾಂಬಿನ್ ಇರಬಾರದ ಜಾಗದ್ದನ್ನ, ಸುಮ್ನೆ ಟೆಸ್ಟ್ ಮಾಡಿದೆ. ಟೆಸ್ಟ್ ಏನಂದ್ರೆ ಥ್ರಾಂಬಿನ್ ಜೊತೆ ಸ್ಯಾಂಪಲ್ ಬೆರೆಸಿ, ಥ್ರಾಂಬಿನ್ ಕತ್ತರಿಸಿದ್ರೆ ಹಳದಿ ಬಣ್ಣ ಬಿಡೋ ಒಂದು ಸಣ್ಣ ಪೆಪ್ಟೈಡ್ ಹಾಕೋದು, 405 ನ್ಯಾನೋಮೀಟರ್‌ನಲ್ಲಿ ಓದೋದು. ಹಳದಿ ಬಂದ್ರೆ ಥ್ರಾಂಬಿನ್ ಆರಾಮಾಗಿದೆ. ಬರ್ಲಿಲ್ಲ ಅಂದ್ರೆ ಯಾರೋ ಹಿಡ್ಕೊಂಡಿದಾರೆ.

ಬರ್ಲಿಲ್ಲ. ಸುತ್ತ ಇದ್ದ ಟ್ಯೂಬೆಲ್ಲ ಹಳದಿ, ನಡುವೆ ಮೂರು ಟ್ಯೂಬ್ ನೀರಿನ ಹಾಗೆ ತಿಳಿ. ಅದೂ ಸೆಕೆಂಡುಗಳಲ್ಲಿ ಹಿಡೀತಿತ್ತು.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಹೊಸ ಇನ್ಹಿಬಿಟರ್! ನೋಟ್‌ಬುಕ್‌ನಲ್ಲಿ ಎಕ್ಸ್ ಅಂತ ಬರೆದು ಎರಡು ಸಲ ಅಂಡರ್‌ಲೈನ್ ಮಾಡಿದೆ. ಮೇಡಂಗೆ ತೋರಿಸಿದ್ರೆ ಅವರು ಕನ್ನಡಕ ಇಳಿಸಿ "ಕಂಟ್ರೋಲ್ ಹಾಕಿದ್ಯೇನಪ್ಪಾ?" ಅಂದ್ರು. ಹಾಕಿದೀನಿ ಮೇಡಂ ಅಂದೆ. ಹಾಕಿದ್ದೆ ಕೂಡ, ಬಫರ್ ಕಂಟ್ರೋಲ್, ಅಂದ್ರೆ ಹೋಲಿಸಿ ನೋಡೋಕೆ ಪ್ರೋಟೀನ್ ಇಲ್ಲದ ಬರೀ ದ್ರಾವಣ. ಬೇಕಾಗಿದ್ದ ಕಂಟ್ರೋಲ್ ಅದಾಗಿರ್ಲಿಲ್ಲ ಅಷ್ಟೇ.

ಎರಡು ವರ್ಷ. ಎಕ್ಸ್-1ರಿಂದ ಎಕ್ಸ್-17ರ ತನಕ ಹದಿನೇಳು ಬ್ಯಾಚ್. ಪ್ರೋಟೀನ್‌ಗಳನ್ನ ಗಾತ್ರದ ಮೇಲೆ ಬೇರೆ ಮಾಡೋ ಜೆಲ್ ಓಡಿಸಿದ್ರೆ ಎಷ್ಟೊಂದು ಬ್ಯಾಂಡ್, ಯಾವುದು ನನ್ನ ಎಕ್ಸ್ ಅಂತ ಗೊತ್ತಾಗ್ತಿರ್ಲಿಲ್ಲ, ಇನ್ನಷ್ಟು ಶುದ್ಧ ಮಾಡೋಕೆ ಹೋದ್ರೆ ಆಕ್ಟಿವಿಟಿ ಮಾಯ, ಒಂದಿನ ಇದ್ದದ್ದು ಇನ್ನೊಂದಿನ ಇಲ್ಲ. ಸೂಕ್ಷ್ಮ ಪ್ರೋಟೀನ್ ಪಾಪ, ಬೇಗ ಕೆಡುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಆಂಟಿಥ್ರಾಂಬಿನ್ ಇರ್ಬಹುದಾ ಅಂತ ನೋಡಿದ್ದೆ, ಚೂರೇ ಚೂರು ಕಾಣ್ತಿತ್ತು, ಅಷ್ಟು ಕಮ್ಮಿ ಇದ್ರೆ ಇಷ್ಟು ವೇಗವಾಗಿ ಹಿಡಿಯೋಕೆ ಸಾಧ್ಯನೇ ಇಲ್ಲ ಅಂತ ಲೆಕ್ಕ ಹಾಕಿ ಬಿಟ್ಟಿದ್ದೆ. ಲೆಕ್ಕ ಸರಿ ಇತ್ತು, ಮಜಾ ಏನಂದ್ರೆ.

ಆಮೇಲೆ ಒಬ್ಬಳು ಜೂನಿಯರ್ ಸೇರಿದ್ಲು. ಹೊಸ ಕಾಲಂ ತುಂಬಿಸಿ ನನ್ನ ಎಕ್ಸ್ ಮಾಡೋಕೆ ನೋಡಿದ್ಲು, ಏನೂ ಬರ್ಲಿಲ್ಲ. ಮೂರು ಸಲ ಮಾಡಿದ್ರೂ ಎಲ್ಲಾ ಟ್ಯೂಬ್ ಹಳದಿ. ನಾನು ಅವಳ ಕೈ ಸರಿ ಇಲ್ಲ ಅಂದೆ. ಎಲ್ರ ಮುಂದೆ ಅಂದೆ. ಈಗ್ಲೂ ಅದು ನೆನಪಾದ್ರೆ ನಾಚಿಕೆ ಆಗುತ್ತೆ. ಮೇಡಂ ಅವಳ ನೋಟ್‌ಬುಕ್ಕೂ ನನ್ನ ನೋಟ್‌ಬುಕ್ಕೂ ಪಕ್ಕದಲ್ಲಿ ಇಟ್ಕೊಂಡು ಅರ್ಧ ಗಂಟೆ ಏನೂ ಮಾತಾಡ್ದೆ ಓದಿ, "ನಿನ್ನ ಕಾಲಂ ಎಷ್ಟು ಹಳೇದು?" ಅಂದ್ರು. ನನ್ನ ಕಾಲಂ ನನಗಿಂತ ಹಿಂದಿನೋರು ತುಂಬಿಸಿದ್ದು. "ಪಾಲಿಬ್ರೀನ್ ಹಾಕಿ ನೋಡು."

ಪಾಲಿಬ್ರೀನ್ ಹೆಪಾರಿನ್‌ನ ಕಟ್ಟಿಹಾಕುತ್ತೆ. ಎಕ್ಸ್‌ಗೆ ಒಂದು ಹನಿ ಹಾಕಿದೆ, ಟೆಸ್ಟ್ ಮಾಡಿದೆ. ಹಳದಿ. ಹದಿನೇಳಕ್ಕೆ ಹದಿನೇಳೂ ಹಳದಿ.

ನಡೆದಿದ್ದು ಇಷ್ಟು. ಹಳೇ ಗೋಲಿಗಳಿಂದ ಹೆಪಾರಿನ್ ಸ್ವಲ್ಪ ಸ್ವಲ್ಪ ಕಳಚಿ ಬಂದು ನನ್ನ ಫ್ರ್ಯಾಕ್ಷನ್‌ಗೆ ಸೇರ್ತಿತ್ತು. ಜೊತೆಗೆ ಚೂರು ಆಂಟಿಥ್ರಾಂಬಿನ್. ಆಂಟಿಥ್ರಾಂಬಿನ್ ಒಂದೇ ಇದ್ರೆ ಥ್ರಾಂಬಿನ್‌ನ ನಿಧಾನಕ್ಕೆ ಹಿಡಿಯುತ್ತೆ, ಹೆಪಾರಿನ್ ಸೇರಿದ್ರೆ ಅದರ ವೇಗ ಸಾವಿರ ಪಟ್ಟು ಏರುತ್ತೆ. ನಾನು ಹಾಕಿದ ಲೆಕ್ಕ ಹೆಪಾರಿನ್ ಇಲ್ಲದ ಆಂಟಿಥ್ರಾಂಬಿನ್‌ದು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕೋದು ಅಂದ್ರೆ ಇದೇ, ಹೊಸ ಪ್ರೋಟೀನ್ ಅಂತ ಎರಡು ವರ್ಷ ಅಟ್ಟಿಸ್ಕೊಂಡು ಹೋದದ್ದು ಪ್ಲಾಸ್ಮಾದಲ್ಲಿ ಎಲ್ರಿಗೂ ಗೊತ್ತಿರೋ ಹಳೇ ಪ್ರೋಟೀನನ್ನ.

ಆ ವಾರ ಬಿಟ್ಟು ಹೋಗೋಣ ಅನ್ಸಿತ್ತು. ಮೇಡಂ ಬೈಲಿಲ್ಲ, ಅದು ಇನ್ನೂ ಕಷ್ಟ ಆಯ್ತು. ಅವರು ಹೆಪಾರಿನ್ ಸಿಕ್ಕ ಕಥೆ ಹೇಳಿದ್ರು. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೊವೆಲ್ ಅನ್ನೋ ಪ್ರೊಫೆಸರ್ ಹತ್ರ ಜೇ ಮೆಕ್ಲೀನ್ ಅಂತ ಮೆಡಿಕಲ್ ಸ್ಟೂಡೆಂಟ್ ಇದ್ದ. ಅವನಿಗೆ ಕೊಟ್ಟ ಕೆಲಸ ರಕ್ತನ ಹೆಪ್ಪುಗಟ್ಟಿಸೋ ವಸ್ತು ಹುಡುಕೋದು. ಲಿವರ್‌ನಿಂದ ತೆಗೆದಿದ್ದನ್ನ ಹಾಕಿದ್ರೆ ರಕ್ತ ಹೆಪ್ಪುಗಟ್ಟೋದೇ ನಿಂತೋಯ್ತು. ಮೆಕ್ಲೀನ್ ಆಮೇಲೆ ಬರ್ಕೊಂಡ ಪ್ರಕಾರ ಬೆಕ್ಕಿನ ರಕ್ತಕ್ಕೆ ಅದನ್ನ ಬೆರೆಸಿ ಪ್ರೊಫೆಸರ್ ಟೇಬಲ್ ಮೇಲೆ ಇಟ್ಟು, ಇದು ಹೆಪ್ಪುಗಟ್ಟಿದಾಗ ನನ್ನ ಕರೀರಿ ಅಂದನಂತೆ, ಅದು ಹೆಪ್ಪುಗಟ್ಟಲೇ ಇಲ್ಲ. 1918ರಲ್ಲಿ ಹೊವೆಲ್ ಹೆಪಾರಿನ್ ಅಂತ ಹೆಸರಿಟ್ರು, ಲಿವರ್‌ಗೆ ಗ್ರೀಕ್‌ನಲ್ಲಿ ಹೆಪಾರ್. ಇವತ್ತು ಆಸ್ಪತ್ರೆಗೆ ಬರೋದು ಹೆಚ್ಚಾಗಿ ಹಂದಿಯ ಕರುಳಿಂದ. ಯಾರು ನಿಜವಾಗಿ ಕಂಡುಹಿಡಿದದ್ದು ಅಂತ ಆಮೇಲೆ ಜಗಳನೂ ಆಯ್ತು, ಮೆಕ್ಲೀನ್‌ಗೆ ಸಿಕ್ಕ ಕೊಬ್ಬಿನಂಥ ವಸ್ತುವೂ ಹೊವೆಲ್ ಆಮೇಲೆ ತೆಗೆದ ಸಕ್ಕರೆ ಜಾತಿಯ ವಸ್ತುವೂ ಬೇರೆ ಬೇರೆ. ಹೆಪಾರಿನ್ ಒಂದೇ ಏನೂ ಮಾಡಲ್ಲ, ಪ್ಲಾಸ್ಮಾದಲ್ಲಿ ಅದಕ್ಕೊಬ್ಬ ಜೊತೆಗಾರ ಬೇಕು ಅಂತ 1939ರಲ್ಲಿ ಬ್ರಿಂಕ್‌ಹೌಸ್ ತಂಡ ತೋರಿಸಿತು, ಆ ಜೊತೆಗಾರ ಆಂಟಿಥ್ರಾಂಬಿನ್ನೇ ಅಂತ ಪೂರ್ತಿ ಬಿಡಿಸಿ ಹೇಳೋಕೆ 1973ರಲ್ಲಿ ರೋಸೆನ್‌ಬರ್ಗ್ ಮತ್ತೆ ಡಾಮಸ್ ಬರಬೇಕಾಯ್ತು. "ಅವರಿಗೆ ಐವತ್ತು ವರ್ಷ ಬೇಕಾಯ್ತು, ನಿನಗೆ ಎರಡು ವರ್ಷಕ್ಕೇ ಗೊತ್ತಾಯ್ತಲ್ಲ" ಅಂದ್ರು ಮೇಡಂ. ತಮಾಷೆಗೋ ಸಮಾಧಾನಕ್ಕೋ ಇವತ್ತಿಗೂ ಗೊತ್ತಾಗಿಲ್ಲ.

ಥೀಸಿಸ್ ಅದರ ಮೇಲೇ ಆಯ್ತು, ಹೆಪಾರಿನ್‌ನ ಎಷ್ಟು ಸಣ್ಣ ತುಂಡು ಆಂಟಿಥ್ರಾಂಬಿನ್‌ನ ಎಬ್ಬಿಸುತ್ತೆ ಅನ್ನೋದರ ಮೇಲೆ. ಹೆಪಾರಿನ್ ಅಂದ್ರೆ ಸಕ್ಕರೆ ಅಣುಗಳ ಉದ್ದ ಸರ, ಅದರಲ್ಲಿ ಐದೇ ಐದು ಸಕ್ಕರೆ ಸಾಕು, ಆದ್ರೆ ಸರಿಯಾದ ಐದು ಇರ್ಬೇಕು. ಆ ಐದು ಸಕ್ಕರೆ ಫ್ಯಾಕ್ಟರ್ 10ರ ಕತ್ತರಿ ಹಿಡಿಯೋಕೆ ಮಾತ್ರ ಸಾಕು, ಥ್ರಾಂಬಿನ್ ಹಿಡೀಬೇಕಂದ್ರೆ ಸುಮಾರು 18 ಸಕ್ಕರೆ ಉದ್ದದ ಸರ ಬೇಕು, ಯಾಕಂದ್ರೆ ಅಲ್ಲಿ ಹೆಪಾರಿನ್ ಸೇತುವೆ ಥರ ಎರಡನ್ನೂ ಒಟ್ಟಿಗೆ ಹಿಡ್ಕೋಬೇಕು. ಈ ಐದು ಸಕ್ಕರೆಯನ್ನ ಲ್ಯಾಬ್‌ನಲ್ಲೇ ಕಟ್ಟಿ ಫಾಂಡಾಪ್ಯಾರಿನಕ್ಸ್ ಅನ್ನೋ ಔಷಧಿ ಮಾಡಿದ್ರು. ನಾನಲ್ಲ, ಬೇರೆಯೋರು. ನನ್ನದು ಅದಕ್ಕೆ ಹತ್ತಿರ ಹತ್ತಿರ ಹೋಗಿ ನಿಂತ ಕೆಲಸ, ಇಡೀ ಕರಿಯರ್ ಹೆಚ್ಚುಕಮ್ಮಿ ಹಾಗೇ.

ಈ ಆಂಟಿಥ್ರಾಂಬಿನ್ ಹಿಡಿಯೋ ರೀತಿ ಇದೆಯಲ್ಲ, ಅದನ್ನ ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಬೇರೆ ಇನ್ಹಿಬಿಟರ್‌ಗಳು, ಕುನಿಟ್ಜ್ ಜಾತಿಯವು ಅಂತಿಟ್ಕೊಳ್ಳಿ, ಕತ್ತರಿಯ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂರ್ತವೆ, ಬೇಕಾದ್ರೆ ಬಿಟ್ಟು ಬರಬಹುದು. ಆಂಟಿಥ್ರಾಂಬಿನ್ ಇರೋದು ಸರ್ಪಿನ್ ಅನ್ನೋ ಮನೆತನದಲ್ಲಿ, ಅದು ಇಲಿಬೋನು. ಮೈಯಿಂದ ಒಂದು ಕುಣಿಕೆ ಹೊರಗೆ ಚಾಚ್ಕೊಂಡಿರುತ್ತೆ, ಅದರ ಮೇಲೆ 393ನೇ ಜಾಗದಲ್ಲಿ ಆರ್ಜಿನಿನ್ ಅನ್ನೋ ಅಮೈನೋ ಆಮ್ಲ, ಅದೇ ಎರೆ. ಥ್ರಾಂಬಿನ್ ಬಂದು ಅಲ್ಲಿ ಕಚ್ಚುತ್ತೆ, ಕತ್ತರಿಸೋ ಕೆಲಸ ಅರ್ಧ ಆಗಿರುತ್ತೆ, ಬಾಯಿ ಇನ್ನೂ ಅಂಟ್ಕೊಂಡಿರುತ್ತೆ, ಅಷ್ಟರಲ್ಲಿ ಕುಣಿಕೆ ಸರಕ್ಕನೆ ತನ್ನ ಮೈಯೊಳಗೇ ಹೊಕ್ಕೊಳುತ್ತೆ, ಅಂಟ್ಕೊಂಡಿದ್ದ ಥ್ರಾಂಬಿನ್‌ನೂ ಎಳ್ಕೊಂಡು ಈ ತುದಿಯಿಂದ ಆ ತುದಿಗೆ ಒಗೆಯುತ್ತೆ, ಅಲ್ಲಿ ಜಜ್ಜಿ ಅದರ ಆಕಾರನೇ ಕೆಡಿಸುತ್ತೆ. ಕತ್ತರಿ ಸತ್ತಿತು, ಬೋನೂ ಹೋಯ್ತು, ಇನ್ನೊಂದು ಸಲ ಉಪಯೋಗಕ್ಕಿಲ್ಲ. ನಾವೆಲ್ಲ ಹೀಗಿರ್ಬಹುದು ಅಂತ ವರ್ಷಗಟ್ಲೆ ವಾದ ಮಾಡಿದ್ವಿ. 2000ದಲ್ಲಿ ಹಂಟಿಂಗ್ಟನ್, ರೀಡ್, ಕ್ಯಾರೆಲ್ ಮೂವರೂ ಸೇರಿ ಒಂದು ಸರ್ಪಿನ್ ಟ್ರಿಪ್ಸಿನ್ ಅನ್ನೋ ಕತ್ತರಿನ ಹಿಡ್ಕೊಂಡಿರೋ ಕ್ರಿಸ್ಟಲ್ ರಚನೆ ನೇಚರ್ ಪತ್ರಿಕೇಲಿ ಹಾಕಿದ್ರು. ಪ್ರೋಟಿಯೇಸ್ 70 ಆಂಗ್‌ಸ್ಟ್ರಾಮ್‌ಗಿಂತ, ಅಂದ್ರೆ 7 ನ್ಯಾನೋಮೀಟರ್‌ಗಿಂತ ಜಾಸ್ತಿ ದೂರ ಎಸೆಯಲ್ಪಟ್ಟಿದೆ. ಆ ಚಿತ್ರ ಪ್ರಿಂಟ್ ತೆಗೆದು ನನ್ನ ಟೇಬಲ್ ಎದುರು ಅಂಟಿಸಿದ್ದು ರಿಟೈರ್ ಆಗೋ ತನಕ ಅಲ್ಲೇ ಇತ್ತು, ಬಣ್ಣ ಹೋಗಿ ಬೂದಿಯಾಗಿತ್ತು.

ಎರೆಯ ಆ ಒಂದು ಅಮೈನೋ ಆಮ್ಲ ಬದಲಾದ್ರೆ ಏನಾಗುತ್ತೆ ಅನ್ನೋದು ನನ್ನ ಆಮೇಲಿನ ಹದಿನೈದು ವರ್ಷ. ಮ್ಯುಟೆಂಟ್, ಅಂದ್ರೆ ಹಾಗೆ ಬದಲಾದ ಪ್ರೋಟೀನ್ ಮಾಡೋದು, ಅಳೆಯೋದು, ಹೆಚ್ಚಿನವು ಕೆಲಸ ಮಾಡಲ್ಲ, ಅದನ್ನೆಲ್ಲ ಇಲ್ಲಿ ಬರೆದು ನಿಮ್ಮ ತಲೆ ತಿನ್ನಲ್ಲ. ಆದ್ರೆ ಈ ದಾರಿಗೆ ನನ್ನ ತಂದದ್ದು ಒಬ್ಬ ಹುಡುಗ. ಪಿಟ್ಸ್‌ಬರ್ಗ್‌ನ ಹುಡುಗ, ರಕ್ತಸ್ರಾವ ನಿಲ್ಲದ ಕಾಯಿಲೆ, 14 ವರ್ಷಕ್ಕೆ ತೀರ್ಕೊಂಡ. 1983ರಲ್ಲಿ ಕಾರಣ ಬರೆದ್ರು. ಆಲ್ಫಾ-1 ಆಂಟಿಟ್ರಿಪ್ಸಿನ್ ಅಂತ ಇನ್ನೊಂದು ಸರ್ಪಿನ್ ಇದೆ, ಅದರ ಕೆಲಸ ಶ್ವಾಸಕೋಶನ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳ ಎಲಾಸ್ಟೇಸ್ ಕತ್ತರಿಯಿಂದ ಕಾಯೋದು, ರಕ್ತದ ತಂಟೆಗೆ ಹೋಗಲ್ಲ. ಅದರ ಎರೆ 358ನೇ ಜಾಗದ ಮೆಥಿಯೋನಿನ್. ಈ ಹುಡುಗನಲ್ಲಿ ಅಲ್ಲಿ ಆರ್ಜಿನಿನ್ ಬಂದಿತ್ತು, ಒಂದೇ ಅಮೈನೋ ಆಮ್ಲ, ಅಷ್ಟಕ್ಕೇ ಅದು ಎಲಾಸ್ಟೇಸ್ ಬಿಟ್ಟು ಥ್ರಾಂಬಿನ್ ಹಿಡಿಯೋಕೆ ಶುರು ಮಾಡ್ತು. ಬೇಲಿನೇ ಎದ್ದು ಹೊಲ ಮೇಯ್ದಂಗೆ. ಅದಕ್ಕಿಂತ ಕ್ರೂರ ಏನಂದ್ರೆ ಆಂಟಿಟ್ರಿಪ್ಸಿನ್ ಪ್ರಮಾಣ ಪೆಟ್ಟಾದಾಗ, ಉರಿಯೂತ ಆದಾಗ ಜಾಸ್ತಿ ಆಗುತ್ತೆ, ಅಂದ್ರೆ ರಕ್ತ ನಿಲ್ಲಲೇಬೇಕಾದ ಹೊತ್ತಲ್ಲೇ ನಿಲ್ಲಿಸದೆ ಇರೋದು ಏರ್ತಿತ್ತು. ನಾನು ಆ ಪೇಪರ್ ಓದಿದ್ದು ಎಕ್ಸ್ ಕಳ್ಕೊಂಡ ಮೇಲೆ. ಒಂದು ಹುಡುಗನ ಮೈ ಇಡೀ ಥಿಯರಿನ ಪ್ರೂವ್ ಮಾಡಿತ್ತು, ಯಾರೂ ಅವನನ್ನ ಕೇಳಿ ಮಾಡಿದ್ದಲ್ಲ.

ನಮ್ಮ ಫೀಲ್ಡ್ ತುಂಬಾ ಇಂಥವರೇ ಇದಾರೆ. ಜಾನ್ ಹೇಗ್‌ಮನ್ ಅಂತ ರೈಲ್ವೇಲಿ ಬ್ರೇಕ್ಸ್‌ಮನ್, ಆಪರೇಷನ್‌ಗೆ ಮುಂಚೆ ಟೆಸ್ಟ್ ಮಾಡಿದ್ರೆ ರಕ್ತ ಟ್ಯೂಬಲ್ಲಿ ಹೆಪ್ಪುಗಟ್ಟೋದೇ ಇಲ್ಲ ಅನ್ನೋ ಹಾಗೆ ತಡ, ಆದ್ರೆ ಮನುಷ್ಯನಿಗೆ ಜನ್ಮದಲ್ಲಿ ರಕ್ತಸ್ರಾವದ ತೊಂದ್ರೆ ಇಲ್ಲ. 1955ರಲ್ಲಿ ರ‍್ಯಾಟ್ನಾಫ್ ಬರೆದ್ರು, ಅದೇ ಫ್ಯಾಕ್ಟರ್ 12. ಅದು ಟೆಸ್ಟ್ ಟ್ಯೂಬ್‌ಗೆ ಬೇಕು, ಗಾಯಕ್ಕೆ ಬೇಡ. 1968ರಲ್ಲಿ ಅವರು ಸತ್ತಿದ್ದು ಸೊಂಟದ ಮೂಳೆ ಮುರಿದ ಮೇಲೆ ಶ್ವಾಸಕೋಶಕ್ಕೆ ಹೋದ ಹೆಪ್ಪಿನಿಂದ. ಹೆಪ್ಪುಗಟ್ಟದ ರಕ್ತದ ಮನುಷ್ಯ ಹೆಪ್ಪಿಂದ ಹೋದ್ರು. ಇನ್ನೊಂದು ನಾರ್ವೆಯ ಕುಟುಂಬ, 1965ರಲ್ಲಿ ಎಗೆಬರ್ಗ್ ಬರೆದಿದ್ದು, ಅವರಲ್ಲಿ ಆಂಟಿಥ್ರಾಂಬಿನ್ ಮಾಮೂಲಿಯ ಅರ್ಧದಷ್ಟು, ರಕ್ತನಾಳಗಳಲ್ಲಿ ಹೆಪ್ಪು ಮತ್ತೆ ಮತ್ತೆ. ಅರ್ಧ ಇದ್ರೂ ಸಾಲಲ್ಲ ಅನ್ನೋದು ನನಗೆ ಆಗ ನಂಬೋಕೆ ಆಗ್ಲಿಲ್ಲ, ಎಷ್ಟೋ ಪ್ರೋಟೀನ್ ಕಾಲು ಭಾಗ ಇದ್ರೂ ಜೀವನ ನಡೆಯುತ್ತೆ.

ಔಷಧಿ ಕಡೆ ನನ್ನ ಕಣ್ಣೆದುರೇ ಎಲ್ಲಾ ಬದಲಾಯ್ತು. ಮಾತ್ರೆಯಲ್ಲೇ ಥ್ರಾಂಬಿನ್‌ನ ನೇರವಾಗಿ ಹಿಡಿಯೋದು ಅಂತ ಬಂದ ಮೊದಲನೆಯದು ಜೈಮೆಲಗಾಟ್ರಾನ್, 2006ರಲ್ಲಿ ಲಿವರ್ ತೊಂದ್ರೆ ಅಂತ ವಾಪಸ್ ತಗೊಂಡ್ರು. 2010ರಲ್ಲಿ ಅಮೆರಿಕದಲ್ಲಿ ಡಾಬಿಗಾಟ್ರಾನ್‌ಗೆ ಒಪ್ಪಿಗೆ ಸಿಕ್ತು, ಹಿಂದೆನೇ ಫ್ಯಾಕ್ಟರ್ 10 ಹಿಡಿಯೋ ಮಾತ್ರೆಗಳು. ಅದಕ್ಕೂ ಮುಂಚೆ 2009ರಲ್ಲಿ ಮೇಕೆ ಹಾಲಲ್ಲಿ ಮನುಷ್ಯರ ಆಂಟಿಥ್ರಾಂಬಿನ್ ಬರೋ ಹಾಗೆ ಮಾಡಿ ಅದಕ್ಕೂ ಅಲ್ಲಿ ಒಪ್ಪಿಗೆ ತಗೊಂಡಿದ್ರು, ನಾನು ಲೀಟರ್‌ಗಟ್ಟಲೆ ಪ್ಲಾಸ್ಮಾ ಇಳಿಸಿ ಮಿಲಿಗ್ರಾಂ ಲೆಕ್ಕದಲ್ಲಿ ತೆಗೀತಿದ್ದ ಪ್ರೋಟೀನ್ ಕೊಟ್ಟಿಗೆಯಲ್ಲಿ ಕರೆಯೋ ಹಾಗಾಯ್ತು. ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳಾಗುತ್ತೆ.

ನಿಜವಾಗಿ ತಲೆ ಕೆಟ್ಟಿದ್ದು ಫಿಟುಸಿರಾನ್ ಬಂದಾಗ. ಹಿಮೋಫಿಲಿಯಾಗೆ, ಅಂದ್ರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಗೆ ಔಷಧಿ. ಮಾಡೋದೇನಂದ್ರೆ ಲಿವರ್ ಆಂಟಿಥ್ರಾಂಬಿನ್ ತಯಾರಿಸೋದನ್ನೇ ಕಮ್ಮಿ ಮಾಡೋದು. ಒಂದು ಕಡೆ ಕತ್ತರಿ ಕಮ್ಮಿ ಇದೆ ತಾನೇ, ಇನ್ನೊಂದು ಕಡೆ ಬೋನೂ ಕಮ್ಮಿ ಮಾಡಿ ತಕ್ಕಡಿ ಸಮ ಮಾಡೋಣ ಅಂತ. ಮೊದಲ ಸಲ ಮೀಟಿಂಗಲ್ಲಿ ಕೇಳಿದಾಗ ಎದ್ದು ನಿಂತು ಇದು ಹುಚ್ಚಾಟ ಅಂದೆ, ಅರ್ಧ ಇದ್ರೇ ಸಾಲಲ್ಲ ಅಂತ ಗೊತ್ತಿರೋ ಪ್ರೋಟೀನ್, ನೀವು ಇನ್ನೂ ಕೆಳಗೆ ಇಳಿಸ್ತೀನಿ ಅಂತೀರಲ್ಲ ಅಂತ. 2017ರಲ್ಲಿ ಟ್ರಯಲ್‌ನಲ್ಲಿ ಒಬ್ಬ ರೋಗಿ ಮೆದುಳಿನ ರಕ್ತನಾಳದಲ್ಲಿ ಹೆಪ್ಪಾಗಿ ತೀರ್ಕೊಂಡು ಟ್ರಯಲ್ ನಿಂತಾಗ ನೋಡಿದ್ರಾ ಅನ್ಸಿತ್ತು, ಹಾಗೆ ಅನ್ಸಿದ್ದಕ್ಕೆ ಆಮೇಲೆ ನನ್ನ ಮೇಲೇ ಅಸಹ್ಯ ಆಯ್ತು. ಅವರು ಬಿಡ್ಲಿಲ್ಲ. ಆಂಟಿಥ್ರಾಂಬಿನ್‌ನ ತೀರಾ ಕೆಳಗೆ ಬಿಡದೆ ಮಾಮೂಲಿಯ 15ರಿಂದ 35 ಪರ್ಸೆಂಟ್ ನಡುವೆ ಇರೋ ಹಾಗೆ ಡೋಸ್ ಬದಲಾಯಿಸಿದ್ರು. 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ವರ್ಷಕ್ಕೆ ಆರೇ ಇಂಜೆಕ್ಷನ್‌ನಲ್ಲಿ ಮುಗಿಯೋ ಸಾಧ್ಯತೆ ಇದೆ. ಪಿಟ್ಸ್‌ಬರ್ಗ್‌ನ ಹುಡುಗ ಇನ್ಹಿಬಿಟರ್ ಜಾಸ್ತಿಯಾಗಿ ಹೋದ, ಇಲ್ಲಿ ಇನ್ಹಿಬಿಟರ್ ಕಮ್ಮಿ ಮಾಡಿ ರಕ್ತ ನಿಲ್ಲಿಸ್ತಿದಾರೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ರೆ ಒಂದೇ ಮಾತು, ನಾನು ಅದನ್ನ ಮೊದ್ಲೇ ನೋಡ್ಬೇಕಾಗಿತ್ತು. ತಕ್ಕಡಿಯ ಇನ್ನೊಂದು ತಟ್ಟೆ ಮರೆತು ಲೆಕ್ಕ ಹಾಕಿದ್ದೆ. ಎರಡನೇ ಸಲ.

ಸರಿ, ಎಕ್ಸ್-17ಕ್ಕೆ ಬರ್ತೀನಿ. ಎಸೆಯೋಕೆ ಹೋದೆ, ಪಕ್ಕದಲ್ಲಿದ್ದ ಹುಡುಗಿ, ಈಗ ಸೇರಿರೋ ಪಿಎಚ್‌ಡಿ ಸ್ಟೂಡೆಂಟ್, "ಇದೇನ್ ಸರ್" ಅಂದ್ಲು. ಕಥೆ ಹೇಳಿದೆ. ಅವಳಿಗೆ ನಗು ತಡ್ಕೊಳೋಕೆ ಆಗ್ಲಿಲ್ಲ, ಆಮೇಲೆ "ಇನ್ನೂ ವರ್ಕ್ ಆಗುತ್ತಾ ನೋಡೋಣ್ವಾ?" ಅಂದ್ಲು. ಈಗೆಲ್ಲ ಪ್ಲೇಟ್ ರೀಡರ್, ಐದು ಮೈಕ್ರೋಲೀಟರ್ ಸಾಕು. ಮಂಜುಗಡ್ಡೆ ಮೇಲೆ ಇಟ್ಟು ಕರಗಿಸಿದ್ವಿ, ಥ್ರಾಂಬಿನ್ ಹಾಕಿದ್ಲು, ಪೆಪ್ಟೈಡ್ ಹಾಕಿದ್ಲು. ಪಕ್ಕದ ಗುಳಿಗಳೆಲ್ಲ ಹಳದಿ ಆಗ್ತಾ ಬಂತು, ನನ್ನದು ತಿಳಿಯಾಗೇ ಉಳೀತು. ಇಷ್ಟು ವರ್ಷ ಆದ್ಮೇಲೂ.

ಪಾಲಿಬ್ರೀನ್ ಹಾಕಿ ನೋಡು ಅಂತ ಹೇಳೋಕೆ ಬಾಯಿ ತೆಗೆದೆ. ಅವಳು ಆಗ್ಲೇ ಕೆಳಗಿನ ಸಾಲಲ್ಲಿ ಹಾಕಿಟ್ಟಿದ್ಲು, ಹಳದಿ ಆಗ್ತಿತ್ತು.